ಓದುಗರ ಪ್ರಶ್ನೆ: ಚೀಲದಲ್ಲಿ ಮಡಚಿಡುವ ಕೋವಿ ಯಾರಿಗೆ ಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಕೋವಿಯ ಬಗ್ಗೆಯೇ. ತಪ್ಪು ನನ್ನದೇ. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಆರ್ಮರರ್ ಆಗಿದ್ದೆ, ಅಂದರೆ ಕೋವಿ ಬಿಚ್ಚಿ, ಒರೆಸಿ, ರಿಪೇರಿ ಮಾಡಿ ಕೊಡುವವನು, ಎಂದು ಕಳೆದ ಸಲ ಬರೆದುಬಿಟ್ಟೆ. ಶೂ, ಟೆಂಟು, ಮಂಡಿನೋವಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಊರು ಹಾಸನ, ಕೆಲಸ ಬೆಂಗಳೂರಿನಲ್ಲಿ. ಡಿಸೆಂಬರ್‌ನಲ್ಲಿ ತಲಕಾವೇರಿಯಿಂದ ಕೊಡಚಾದ್ರಿವರೆಗೆ ಒಬ್ಬನೇ ಇಪ್ಪತ್ತೈದು ದಿನ ನಡೆಯುವ ಯೋಚನೆ ಇದೆ. ಆಮೇಲೆ ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಉದ್ದದ ಚಾರಣದ ದಾರಿ. ನಳಿಗೆ ಬಿಚ್ಚಿ ಬಟ್ಟಿನ (ಹೆಗಲಿಗೆ ಒತ್ತಿಕೊಳ್ಳುವ ಹಿಂಭಾಗ) ಒಳಗೇ ಇಟ್ಟುಕೊಳ್ಳುವ, ನೀರಿನಲ್ಲಿ ತೇಲುವ ರೈಫಲ್‌ನ ವಿಡಿಯೋ ನೋಡಿದೆ. ತೂಕ ಒಂದೂವರೆ ಕೆ.ಜಿ. ಅಷ್ಟೇ ಅಂತೆ. ಇಂಥವುಗಳಲ್ಲಿ ಯಾವುದು ಒಳ್ಳೆಯದು? ಪ್ರಾಣಿ ಎದುರಾದರೆ, ಊಟ ಮುಗಿದರೆ ಬೇಕಾಗುತ್ತದಲ್ಲ? — ಹಾಸನದ ಓದುಗ

ನೀವು ನೋಡಿದ್ದು ಎಆರ್-7, ಆಪತ್ತಿನಲ್ಲಿ ಜೀವ ಉಳಿಸಿಕೊಳ್ಳಲೆಂದು ಮಾಡಿದ ‘ಸರ್ವೈವಲ್’ ರೈಫಲ್. ನಾನೂ ನೋಡಿದ್ದೇನೆ, ವಿಡಿಯೋದಲ್ಲಿ ಅಲ್ಲ, ಕಣ್ಣೆದುರಿಗೇ. ಮಗಳು ಒರೆಗಾನ್‌ನಲ್ಲಿದ್ದಾಳೆ. ಅವಳ ಪಕ್ಕದ ಮನೆಯ ಯಜಮಾನರಿಗೆ ನನ್ನ ಹಳೆಯ ಕಸುಬು ಗೊತ್ತಾಗಿ, ಒಂದು ಸಂಜೆ ಗ್ಯಾರೇಜಿಗೆ ಕರೆದು ಮೇಜಿನ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಬಟ್ ಇಟ್ಟರು. ಕೋವಿ ಎಲ್ಲಿ ಅಂತ ನಾನು ಹುಡುಕುತ್ತಿದ್ದೆ. ಬಟ್ಟಿನ ಹಿಂದಿನ ರಬ್ಬರ್ ಮುಚ್ಚಳ ಎಳೆದರು. ಒಳಗೆ ಗೂಡು ಗೂಡು. ಒಂದರಿಂದ ನಳಿಗೆ, ಇನ್ನೊಂದರಿಂದ ಗುಂಡು ಸಿಡಿಸುವ ಯಂತ್ರಭಾಗವಾದ ರಿಸೀವರ್, ಮತ್ತೊಂದರಿಂದ ಎಂಟು ಗುಂಡಿನ ಮ್ಯಾಗಝಿನ್ ಹೊರಗೆ ಬಂತು. ರಿಸೀವರನ್ನು ಬಟ್ಟಿಗೆ ಕೂರಿಸಿ ಒಂದು ತಿರುಪು ತಿರುಗಿಸಿದರು. ನಳಿಗೆಯ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿದರು. ಸ್ಪ್ಯಾನರ್ ಇಲ್ಲ, ಸ್ಕ್ರೂಡ್ರೈವರ್ ಇಲ್ಲ. ನಮ್ಮವರು ಎಲೆ ಅಡಿಕೆಗೆ ಸುಣ್ಣ ಹಚ್ಚಿ ಮಡಚುವಷ್ಟರಲ್ಲಿ ರೈಫಲ್ ತಯಾರು. ಬಿಚ್ಚಿಟ್ಟರೆ 42 ಸೆಂಟಿಮೀಟರ್, ಜೋಡಿಸಿದರೆ ಸುಮಾರು 89.

ನಾನು ಕೈ ಹಿಂದೆ ಕಟ್ಟಿಕೊಂಡೇ ನೋಡಿದೆ, ಮುಟ್ಟಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇದು ಯಾರಿಗಾಗಿ ಹುಟ್ಟಿದ್ದು ಅಂತ ಗೊತ್ತಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ನಡೆಯುವವರಿಗಾಗಿ ಅಲ್ಲ, ಬೀಳುವವರಿಗಾಗಿ. ವಿಮಾನ ಕಾಡಿನಲ್ಲೋ ಮಂಜುಗಡ್ಡೆಯ ಮೇಲೋ ಬಿತ್ತು, ಪೈಲಟ್ ಬದುಕಿದ್ದಾನೆ, ಹುಡುಕುವವರು ಬರಲು ವಾರ ಆಗಬಹುದು. ಅಲ್ಲಿಯವರೆಗೆ ಒಂದು ಮೊಲ, ಒಂದು ಹಕ್ಕಿ ಹೊಡೆದು ಹೊಟ್ಟೆ ಹೊರೆಯಲಿ ಎಂಬ ಲೆಕ್ಕ. ಅಮೆರಿಕದ ವಾಯುಪಡೆಗೆ ಎಂ6 ಅಂತ ಒಂದಿತ್ತು. ಮೇಲೆ ಪಾಯಿಂಟ್ 22 (ನಳಿಗೆಯ ತೂತಿನ ಅಗಲ, ಇಂಚಿನಲ್ಲಿ) ಹಾರ್ನೆಟ್ ರೈಫಲ್ ನಳಿಗೆ, ಕೆಳಗೆ ಪಾಯಿಂಟ್ 410 ಚರೆ ಕೋವಿಯ ನಳಿಗೆ. ಮಧ್ಯಕ್ಕೆ ಮಡಚಬಹುದು. ಅದಕ್ಕೆ ಟ್ರಿಗರ್ ಬದಲು ಒಂದು ಉದ್ದ ಪಟ್ಟಿ. ಚಳಿಗೆ ದಪ್ಪ ಗ್ಲೌಸ್ ಹಾಕಿದ ಕೈಯಲ್ಲೂ ಒತ್ತಲು ಬರಲಿ ಅಂತ. ಆಮೇಲೆ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ಎಆರ್-5 ಮಾಡಿದ. 1956ರಲ್ಲಿ ವಾಯುಪಡೆ ಅದನ್ನು ಒಪ್ಪಿತು. ಅದರ ತಮ್ಮನೇ ಜನಸಾಮಾನ್ಯರಿಗೆ ಮಾರಿದ ಎಆರ್-7. ಎಂ-16 ರೈಫಲ್‌ನ ಮೂಲಪುರುಷನೂ ಇದೇ ಸ್ಟೋನರ್.

ರಷ್ಯದವರದ್ದು ಇನ್ನೂ ಚೆಂದದ ಕಥೆ. 1965ರ ಮಾರ್ಚ್‌ನಲ್ಲಿ ಲಿಯೊನೊವ್, ಬೆಲ್ಯಾಯೆವ್ ಎಂಬ ಇಬ್ಬರು ಗಗನಯಾತ್ರಿಗಳು ಇಳಿಯಬೇಕಾದ ಜಾಗ ತಪ್ಪಿ ಪೆರ್ಮ್ ಕಡೆಯ ಹಿಮದ ಕಾಡಿನಲ್ಲಿ ಇಳಿದರು. ಎರಡು ರಾತ್ರಿ ಅಲ್ಲೇ. ತೋಳ, ಕರಡಿಯ ಭಯ ಬೇರೆ. ಆ ಅನುಭವದಿಂದಲೇ ಮುಂದೆ ಗಗನಯಾತ್ರಿಗಳಿಗೆ ಟಿಪಿ-82 ಎಂಬ ಮೂರು ನಳಿಗೆಯ ಪಿಸ್ತೂಲು ಬಂತು. ಅದರ ಬಟ್ ಬಿಚ್ಚಿದರೆ ಮಚ್ಚು. ಆಕಾಶದಿಂದ ಬೀಳುವವನಿಗೆ ಅದು ಸರಿ. ತಲಕಾವೇರಿಯಿಂದ ಹೊರಟ ನಿಮಗೆ ಸಂಜೆಯಾದರೆ ಒಂದು ಊರು, ಒಂದು ಗೂಡಂಗಡಿ ಸಿಗುತ್ತದಲ್ಲ.

ಆದರೂ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಕಸುಬಿನ ಪ್ರಶ್ನೆ, ತಪ್ಪಿಸಿಕೊಳ್ಳುವುದಿಲ್ಲ. ಹಗುರ ಬೇಕಾದರೆ ಇಟಲಿಯ ಚಿಯಾಪ್ಪಾ ಲಿಟಲ್ ಬ್ಯಾಡ್ಜರ್. ಸುಮಾರು 1.3 ಕೆ.ಜಿ., ಬಟ್ ಅಂದರೆ ಬರೀ ತಂತಿ, ಒಮ್ಮೆಗೆ ಒಂದೇ ಗುಂಡು. ಎಆರ್-7 1.6 ಕೆ.ಜಿ. ಆದರೆ ಅದು ಗುಂಡಿನ ವಿಷಯದಲ್ಲಿ ಚೂಸಿ. ಕೆಲವು ಬ್ರ್ಯಾಂಡ್ ಕೊಟ್ಟರೆ ನುಂಗುವುದಿಲ್ಲ, ಮಧ್ಯೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ದೋಷ ಗ್ಯಾರೇಜಿನಲ್ಲಿ ಕಂಡಿತು. ಅದರ ಹಿಂದಿನ ಗುರಿಕಿಂಡಿ ರಿಸೀವರ್ ಮೇಲೆ, ಮುಂದಿನ ಗುರಿಮೊನೆ ನಳಿಗೆಯ ಮೇಲೆ. ಪ್ರತಿ ಸಲ ನಳಿಗೆ ಬಿಚ್ಚಿ ಜೋಡಿಸಿದಾಗ ನಟ್ಟು ಕೂದಲೆಳೆ ಹೆಚ್ಚುಕಡಿಮೆ ಕೂತರೂ ಗುರಿ ಸರಿಯುತ್ತದೆ. ರುಗರ್ 10/22ರ ಟೇಕ್‌ಡೌನ್ ಮಾದರಿ 2.1 ಕೆ.ಜಿ. ಭಾರ, ಆದರೆ ಎರಡೂ ಗುರಿ ನಳಿಗೆಯ ಮೇಲೇ ಇವೆ. ಬಿಚ್ಚಿದರೂ ಅವೆರಡರ ಸಂಸಾರ ಕೆಡುವುದಿಲ್ಲ. ಕೊಳ್ಳಲು ಬರುವ ದೇಶದಲ್ಲಿ ಇದ್ದಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ. ಇವೆಲ್ಲ ಪಾಯಿಂಟ್ 22 ಯಾಕೆ ಅಂದರೆ ಗುಂಡಿನ ತೂಕಕ್ಕೆ. ಐವತ್ತು ಗುಂಡು ಸೇರಿ 170 ಗ್ರಾಂ ಆಸುಪಾಸು. ನಮ್ಮ 12 ಬೋರಿನ ತೋಟೆ ನಾಲ್ಕೇ ಇಟ್ಟರೂ ಅಷ್ಟಾಗುತ್ತದೆ.

ಈಗ ನಿಮ್ಮ ದಾರಿಗೆ ಬನ್ನಿ. ತಲಕಾವೇರಿ ವನ್ಯಜೀವಿಧಾಮ, ಪುಷ್ಪಗಿರಿ ವನ್ಯಜೀವಿಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕೊನೆಗೆ ಮೂಕಾಂಬಿಕಾ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಕಾಲಿಡಲೇ ಅನುಮತಿ ಬೇಕು. ಆಯುಧ ಒಯ್ಯಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಚಾರಣಕ್ಕೆ ಹೋಗುವವರಿಗೆ ಯಾರು ಕೊಡುತ್ತಾರೆ? ಊಟ ಮುಗಿದರೆ ಕಾಡುಕೋಳಿ ಹೊಡೆದು ತಿನ್ನುತ್ತೇನೆ ಅಂದರೆ ಅದು ಬೇಟೆ. ವನ್ಯಜೀವಿಧಾಮದೊಳಗಿನ ಬೇಟೆಗೆ 3ರಿಂದ 7 ವರ್ಷ ಜೈಲು. ಅದರ ಬದಲು ಆ ಒಂದೂವರೆ ಕೆ.ಜಿ.ಯಲ್ಲಿ ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಕಡ್ಲೆಕಾಯಿ ತುಂಬಿಕೊಳ್ಳಿ. ದಿನಕ್ಕೆ 600 ಗ್ರಾಂ ಅಂತ ನನ್ನ ಲೆಕ್ಕ. ಎರಡೂವರೆ ದಿನದ ಊಟ ಆಯಿತು. ತುಪ್ಪ ಸ್ವಲ್ಪ ಇದ್ದರೆ ಇನ್ನೂ ಅರ್ಧ ದಿನ.

ಪ್ರಾಣಿ ಎದುರಾದರೆ? ನಿಮ್ಮ ದಾರಿಯಲ್ಲಿ ಭಯಪಡಬೇಕಾದ್ದು ಆನೆಗೆ. ಆಮೇಲೆ ಮರಿ ಇರುವ ಕರಡಿ, ಒಂಟಿ ಕಾಟಿ, ಅಂದರೆ ಕಾಡುಕೋಣ. ಪಾಯಿಂಟ್ 22ರ ಸೀಸ ಎರಡೂವರೆ ಗ್ರಾಂ ಚಿಲ್ಲರೆ. ಆನೆ ಮೂರು ನಾಲ್ಕು ಟನ್. ತಾಗಿದರೂ ಅದಕ್ಕೆ ಗೊತ್ತಾಗುವುದು ಯಾರೋ ಕೆಣಕಿದರು ಅಂತ ಮಾತ್ರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬರುವ ಪ್ರಾಣಿಯ ಎದುರು ನೀವು ಬಟ್ಟಿನ ಮುಚ್ಚಳ ತೆಗೆದು, ನಳಿಗೆ ಹುಡುಕಿ, ನಟ್ಟು ಬಿಗಿ ಮಾಡುವುದನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತದೆ, ಸಿಟ್ಟಾಗಬೇಡಿ. ಲದ್ದಿ ಕಂಡರೆ ಕಾಲಿನಿಂದ ಒಡೆದು ನೋಡಿ. ಒಳಗೆ ಬಿಸಿ ಇದ್ದರೆ, ಹಬೆ ಬಂದರೆ ಆನೆ ಅಲ್ಲೇ ಇದೆ. ಹಿಂದೆ ತಿರುಗಿ ಬನ್ನಿ. ಬಿದಿರು ಮುರಿಯುವ ಸದ್ದು ಕೇಳಿದರೆ ಗಾಳಿ ಯಾವ ಕಡೆಗೆ ಅಂತ ಮೊದಲು ನೋಡಿ. ಅಟ್ಟಿಸಿಕೊಂಡು ಬಂದರೆ ಚೀಲ ಬಿಸಾಡಿ ಓಡಿ. ಚೀಲದಲ್ಲಿ ಲಕ್ಷ ರೂಪಾಯಿಯ ರೈಫಲ್ ಇದ್ದರೆ ಬಿಸಾಡಲು ಮನಸ್ಸು ಬರುತ್ತದಾ? ಮತ್ತೆ ಒಬ್ಬರೇ ಹೋಗಬೇಡಿ, ಊರಿನವರೊಬ್ಬರು ಜೊತೆಗಿರಲಿ.

ಇನ್ನು ಅಮೆರಿಕ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಸುಮಾರು 4,265 ಕಿ.ಮೀ. ಅಲ್ಲಿ ಎಲ್ಲರ ಹತ್ತಿರವೂ ಬಂದೂಕು ಇರುತ್ತದೆ, ನನಗೂ ಒಂದಿರಲಿ ಎಂದುಕೊಂಡಿದ್ದರೆ ಬಿಡಿ. ಪ್ರವಾಸಿ ವೀಸಾದಲ್ಲಿ ಹೋದವರು ಬಂದೂಕಾಗಲಿ ಗುಂಡಾಗಲಿ ಹತ್ತಿರ ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ, ಹೀಗೆ ಕೆಲವು ವಿನಾಯಿತಿ ಇವೆ, ಅಷ್ಟೇ. ಗ್ಯಾರೇಜಿನಲ್ಲಿ ನಾನು ಕೈ ಕಟ್ಟಿ ನಿಂತದ್ದು ಅದಕ್ಕೇ. ಮಗಳು ಹೋಗುವಾಗಲೇ ಕಿವಿ ಹಿಂಡಿ ಕಳಿಸಿದ್ದಳು. ಆ ಯಜಮಾನರು ಟ್ರೇಲಿನ ದೊಡ್ಡ ಭಾಗ ನಡೆದವರು. ರೈಫಲ್ ಮನೆಯಲ್ಲೇ ಬಿಟ್ಟು, ಕರಡಿಗೆ ಮುಚ್ಚಳ ತೆಗೆಯಲು ಬಾರದ ಒಂದು ಗಟ್ಟಿ ಡಬ್ಬ ಹೊತ್ತರಂತೆ. ಆ ದಾರಿಯ ಸಿಯೆರಾ ಬೆಟ್ಟಸಾಲಿನಲ್ಲಿ ಕೆಲವು ಕಡೆ ಆ ಡಬ್ಬ ಕಡ್ಡಾಯ. ಅದೇ ಒಂದು ಕೆ.ಜಿ.ಗೂ ಜಾಸ್ತಿ. ಕರಡಿಗೆ ಬೇಕಾದ್ದು ನಿಮ್ಮ ಊಟ, ನೀವಲ್ಲ.

ಪ್ರಶ್ನೆ: ನಮಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅಜ್ಜನ ಒಂಟಿ ನಳಿಗೆ ತೋಟೆ ಕೋವಿ ಮನೆಯಲ್ಲಿದೆ. ಬ್ರಹ್ಮಗಿರಿ, ಪುಷ್ಪಗಿರಿ ನಡೆಯುವಾಗ ಒಯ್ಯಬಹುದಾ? ಉದ್ದ ಜಾಸ್ತಿ. ನಳಿಗೆ ಸ್ವಲ್ಪ ಕುಯ್ಯಿಸಿ ಚೀಲಕ್ಕೆ ಹಿಡಿಸಬಹುದಾ? — ಮೂರ್ನಾಡಿನ ಓದುಗ

ಕುಯ್ಯಿಸಬೇಡ ತಮ್ಮಾ. ಮೊದಲು ಆ ಗರಗಸ ಕೆಳಗಿಡು.

ನಮ್ಮ ಕೊಡಗಿನವರ ವಿನಾಯಿತಿ ಹಳೆಯದು, 1861ರಷ್ಟು ಹಿಂದಿನದು. ಈಗಿರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ. 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹಾಕಿದ ಅರ್ಜಿಯಲ್ಲಿ 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಎಲ್ಲ ಸರಿ. ಆದರೆ ವಿನಾಯಿತಿ ಇರುವುದು 1959ರ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗೆ, ಅಂದರೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು, ಒಯ್ಯಲು. ನಳಿಗೆ ಗಿಡ್ಡ ಮಾಡುವುದು 6ನೇ ಸೆಕ್ಷನ್. ಅದಕ್ಕೆ ನಿನ್ನ ವಿನಾಯಿತಿ ಪತ್ರ ತೋರಿಸಿದರೆ ಪ್ರಯೋಜನ ಇಲ್ಲ. ಕಾನೂನು ಬಿಡು, ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಆ ಮೊಂಡು ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸುವಾಗ ಅಜ್ಜನಿಗೆ ಏನು ಹೇಳುತ್ತೀಯಾ?

ಅಷ್ಟಕ್ಕೂ ನಿನ್ನ ಕೋವಿ ಬಿಚ್ಚಿಡುವ ಕೋವಿಯೇ. ನಳಿಗೆಯ ಕೆಳಗಿನ ಮರದ ತುಂಡನ್ನು ಎಳೆದು ತೆಗೆ, ಕೀಲಿ ಒತ್ತಿ ಕೋವಿ ಬಗ್ಗಿಸು, ನಳಿಗೆ ಕೊಂಡಿಯಿಂದ ಕಳಚಿ ಕೈಗೆ ಬರುತ್ತದೆ. ಮೂರು ತುಂಡು. ನಮ್ಮ ಹಿರಿಯರು ಗೋಣಿಚೀಲದಲ್ಲಿ ಸುತ್ತಿ ಹಾಗೆಯೇ ಒಯ್ಯುತ್ತಿದ್ದರು. ಯಾರೂ ಅದಕ್ಕೆ ಸರ್ವೈವಲ್ ಅಂತ ಹೆಸರಿಡಲಿಲ್ಲ.

ಬ್ರಹ್ಮಗಿರಿಗೆ, ಪುಷ್ಪಗಿರಿಗೆ ಒಯ್ಯುವ ಹಾಗಿಲ್ಲ. ಎರಡೂ ವನ್ಯಜೀವಿಧಾಮ. ಮೇಲೆ ಹಾಸನದವರಿಗೆ ಹೇಳಿದ ಲಿಖಿತ ಒಪ್ಪಿಗೆಯ ಮಾತು 31ನೇ ಸೆಕ್ಷನ್. ಅದು ವನ್ಯಜೀವಿ ಕಾಯ್ದೆ, ಆಯುಧ ಕಾಯ್ದೆಯ ವಿನಾಯಿತಿ ಅಲ್ಲಿ ನಡೆಯುವುದಿಲ್ಲ. ನಮ್ಮ ಹುಡುಗರು ಹೇಳುವುದು ಕೇಳಿದ್ದೇನೆ, ಜೀವ ಉಳಿಸಿಕೊಳ್ಳಲು ಹೊಡೆದರೆ ಕೇಸಿಲ್ಲ ಅಂತ. ಅದು ಅರ್ಧ ಸತ್ಯ. 11ನೇ ಸೆಕ್ಷನ್‌ನಲ್ಲಿ ಹಾಗೆ ಇದೆ ನಿಜ, ಆತ್ಮರಕ್ಷಣೆಗೆ ಹೊಡೆದರೆ ಅಪರಾಧ ಅಲ್ಲ. ಅದರ ಕೆಳಗೇ ಇನ್ನೊಂದು ಸಾಲಿದೆ. ಆ ಹೊತ್ತಿಗೆ ನೀನು ಇದೇ ಕಾಯ್ದೆಯನ್ನು ಮುರಿಯುತ್ತಿದ್ದರೆ ಆ ರಕ್ಷಣೆ ನಿನಗಿಲ್ಲ. ಒಪ್ಪಿಗೆ ಇಲ್ಲದೆ ಕೋವಿ ಹಿಡಿದು ಒಳಗೆ ಹೋದ ಕ್ಷಣವೇ ಅದು ಮುರಿದಾಯಿತು. ಆಮೇಲೆ ಆನೆ ನಿಜವಾಗಿ ಮೈಮೇಲೆ ಬಂದದ್ದೇ ಆದರೂ ನಿನ್ನ ಮಾತಿಗೆ ಬೆಲೆ ಇಲ್ಲ. ಕೋವಿ ನಿನ್ನನ್ನು ಕಾಯುವುದಿಲ್ಲ, ಇರುವ ರಕ್ಷಣೆಯನ್ನೂ ಕಿತ್ತುಕೊಳ್ಳುತ್ತದೆ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. 1984ರ ಜೂನ್. ಪಿಯುಸಿ ಮುಗಿಸಿ ಸೈನ್ಯಕ್ಕೆ ಸೇರುವ ಮೊದಲು. ಚಿಕ್ಕಪ್ಪನ ಮಗ ಮತ್ತು ನಾನು ಕಕ್ಕಬ್ಬೆ ಮೇಲಿನ ನಮ್ಮ ಏಲಕ್ಕಿ ತೋಟಕ್ಕೆ ಮೂರು ದಿನಕ್ಕೆ ಅಕ್ಕಿ ಹೊತ್ತು ಹೊರಟೆವು. ಅಪ್ಪನನ್ನು ಕೇಳದೆ ಒಂಟಿ ನಳಿಗೆ ಕೋವಿಯನ್ನೂ ಗೋಣಿಯಲ್ಲಿ ಸುತ್ತಿಕೊಂಡೆವು. ತೋಟೆ ಐದು, ನಿಕ್ಕರ್ ಜೇಬಿನಲ್ಲಿ. ಆಗ ಇನ್ನೂ ಕಾಗದದ ತೋಟೆ ಇತ್ತು. ಪೇಟೆಯ ಒಂದು ಅಂಗಡಿಯಿಂದ ತಂದದ್ದು, ಎಷ್ಟು ವರ್ಷದ ಸರಕೋ ಏನೋ. ಮಳೆ ಅಂದರೆ ಕಕ್ಕಬ್ಬೆಯ ಮಳೆ. ಎರಡನೇ ದಿನ ಸಂಜೆ, ಏಲಕ್ಕಿ ಒಣಗಿಸುವ ಮನೆಗೆ ನೂರು ಗಜ ಇರುವಾಗ ದಾರಿಯಲ್ಲೇ ಒಂದು ಹೆಣ್ಣಾನೆ. ಹಿಂದೆ ಮರಿ. ನನ್ನ ಕೈ ನಡುಗುತ್ತಿತ್ತು. ಕೋವಿ ಜೋಡಿಸಿದೆ, ತೋಟೆ ತುರುಕಿದೆ. ಅರ್ಧ ಹೋಗಿ ನಿಂತಿತು! ನೆಂದ ಕಾಗದ ಊದಿಕೊಂಡಿತ್ತು. ಮುಂದೆಯೂ ಹೋಗದು, ಹಿಂದೆಯೂ ಬಾರದು. ಕೋವಿ ಮುಚ್ಚಲು ಬಾರದು. ಹಿತ್ತಾಳೆ ತಲೆಯನ್ನು ಉಗುರಿನಲ್ಲಿ ಮೀಟಿ ಮೀಟಿ ಉಗುರು ಕಿತ್ತುಬಂತು.

ತೋಟದ ಕಾವಲಿನ ಅಜ್ಜ ನಮ್ಮ ಹಿಂದೆ ಬರುತ್ತಿದ್ದರು. ನನ್ನ ಹೆಗಲು ಒತ್ತಿ ಕೂರಿಸಿದರು. ಮಾತಿಲ್ಲ. ಒಂದು ಬೀಡಿ ಹಚ್ಚಿ, ಹೊಗೆ ಯಾವ ಕಡೆ ಹೋಗುತ್ತದೆ ಅಂತ ನೋಡಿದರು. ನಮ್ಮ ಕಡೆಗೇ ಬರುತ್ತಿತ್ತು. ಸರಿ ಅನ್ನುವ ಹಾಗೆ ತಲೆಯಾಡಿಸಿ ಬೀಡಿ ಆರಿಸಿದರು. ಮರದ ಹಿಂದೆ ಮೂವರೂ ಕೂತೆವು. ಕತ್ತಲಾಯಿತು. ಜಿಗಣೆ ಕುತ್ತಿಗೆಯವರೆಗೆ ಹತ್ತಿತು, ಕೊಡವಲೂ ಧೈರ್ಯ ಇಲ್ಲ. ಸುಮಾರು ಎರಡು ಗಂಟೆಯ ನಂತರ ಆನೆ ತನ್ನ ಪಾಡಿಗೆ ಹೋಯಿತು. ಆ ತೋಟೆ ಸರಿಯಾಗಿ ಇದ್ದಿದ್ದರೆ ನಾನು ಈಡು ಹೊಡೆಯುತ್ತಿದ್ದೆ. ಮರಿಯ ತಾಯಿಗೆ, ಚರೆಯಲ್ಲಿ. ಈ ಅಂಕಣ ಬೇರೆ ಯಾರೋ ಬರೆಯಬೇಕಾಗುತ್ತಿತ್ತು. ಮನೆಯಲ್ಲಿ ಅಪ್ಪ ಒಂದು ಮಾತೂ ಬೈಯಲಿಲ್ಲ. ಕೋವಿಯನ್ನು ಹಾಗೆಯೇ ಅಟ್ಟದ ಮೇಲಿಟ್ಟರು. ಮೂರನೇ ದಿನ ಕಾಗದ ಒಣಗಿ ತೋಟೆ ಸಲೀಸಾಗಿ ಕೈಗೆ ಬಂತು. ಅದನ್ನು ನನ್ನ ಊಟದ ತಟ್ಟೆಯ ಪಕ್ಕ ಇಟ್ಟು ಸುಮ್ನೆ ಎದ್ದು ಹೋದರು.

ಪ್ರಶ್ನೆ: ಮಗಳು ಸಂಶೋಧನೆಗೆ ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್‌ಗೆ ಹೋಗುತ್ತಿದ್ದಾಳೆ. ಅಲ್ಲಿ ರೈಫಲ್ ಹೊಡೆಯಲು ಕಲಿಸುತ್ತಾರಂತೆ. ಕೇಳಿದಾಗಿನಿಂದ ನಿದ್ದೆ ಇಲ್ಲ. ನಿಜವಾ? — ಗೋಣಿಕೊಪ್ಪಲಿನ ತಾಯಿ

ನಿಜ ತಂಗಿ, ಅದು ಒಳ್ಳೆಯದೇ. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿನ ನೈ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿದೆ. ಊರಿನ ಗಡಿ ದಾಟಿದರೆ ಹಿಮಕರಡಿಯ ಸೀಮೆ. ಹೊರಗೆ ಹೋಗುವವರ ಬಳಿ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇರಲೇಬೇಕು ಎಂಬುದು ಅಲ್ಲಿನ ಕಾನೂನು. ಅದಕ್ಕೆ ಬೆಳಕು, ಸದ್ದು ಬರುವ ಸಿಗ್ನಲ್ ಪಿಸ್ತೂಲು. ರೈಫಲ್ ಕೊನೆಯ ಉಪಾಯ. ಅದೂ ಮೇಲೆ ಹೇಳಿದ ಮಡಚುವ ಆಟಿಕೆ ಅಲ್ಲ, ಪಾಯಿಂಟ್ 308 ಅಥವಾ ಪಾಯಿಂಟ್ 30-06 ಬೋರಿನ ದೊಡ್ಡ ರೈಫಲ್, ನಾಲ್ಕು ಕೆ.ಜಿ. ಹತ್ತಿರ. ಮರ ಇಲ್ಲದ ನೆಲ, ಓಡಿ ಹತ್ತಲು ಜಾಗ ಇಲ್ಲ, ಹಸಿದ ಕರಡಿಗೆ ಮನುಷ್ಯನೂ ಊಟವೇ. ಕೋವಿ ಒಯ್ಯಬೇಕಾದ ಜಾಗ ಅಂದರೆ ಅದು.

ಮಗಳಿಗೆ ಹೋಗುವ ಮೊದಲು ಇಲ್ಲೇ ಸ್ವಲ್ಪ ಅಭ್ಯಾಸ ಆಗಲಿ. ಕೈಲ್ ಪೊಳ್ದ್ ಸಮಯದಲ್ಲಿ ನಮ್ಮ ಊರೂರಲ್ಲೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದಲ್ಲ. ಕಾಯಿ ಒಡೆಯದಿದ್ದರೂ ಪರವಾಗಿಲ್ಲ, ಸದ್ದಿಗೆ, ಹೆಗಲಿಗೆ ಬೀಳುವ ಒದೆತಕ್ಕೆ ಅಭ್ಯಾಸ ಆಗುತ್ತದೆ. ಮೊದಲ ಸಲ ಕಣ್ಣು ಮುಚ್ಚದವರು ಯಾರೂ ಇಲ್ಲ. ಉಪ್ಪಿನಕಾಯಿ ಭರಣಿ ಕಟ್ಟಿ ಕೊಡುವುದನ್ನು ಮರೆಯಬೇಡಿ.

ಪ್ರಶ್ನೆ: ಪಾಯಿಂಟ್ 177 ಏರ್‌ಗನ್‌ಗೆ ಲೈಸೆನ್ಸ್ ಬೇಡವಲ್ಲ. ಅದನ್ನಾದರೂ ಟ್ರೆಕ್ಕಿಂಗ್‌ಗೆ ಒಯ್ಯಬಹುದಾ? — ಕುಶಾಲನಗರದ ಓದುಗ

20 ಜೂಲ್ ಶಕ್ತಿಯ ಒಳಗಿದ್ದರೆ ಲೈಸೆನ್ಸ್ ಬೇಡ, ಸರಿ. ಆದರೆ ವನ್ಯಜೀವಿ ಕಾಯ್ದೆಯಲ್ಲಿ ‘ಆಯುಧ’ ಎಂಬ ಮಾತಿಗೆ ಬಲೆ, ಉರುಳು, ಗಾಳ, ಚಾಕು ಕೂಡ ಸೇರುತ್ತದೆ. ಏರ್‌ಗನ್ ಬಿಡುತ್ತಾರಾ? ಮನೆಯಲ್ಲಿ ಡಬ್ಬಕ್ಕೆ ಗುರಿ ಇಟ್ಟು ಆಡಿಕೊಳ್ಳಿ.

ನನ್ನ ಕತ್ತಿಯನ್ನೇ ಬಿಡಲಿಲ್ಲ. ಒಂದು ಡಿಸೆಂಬರ್‌ನಲ್ಲಿ ಸೊಂಟದಲ್ಲಿದ್ದ ಕತ್ತಿ ಮರೆತು ಚೆಕ್‌ಪೋಸ್ಟ್‌ಗೆ ಹೋದೆ. ವಾಚರ್ ಹುಡುಗ ನಯವಾಗಿ ಕೇಳಿ ತೆಗೆದುಕೊಂಡ, ಪೇಪರ್‌ನಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಸಂಜೆ ಇಳಿದು ಬಂದಾಗ ಅದೇ ಕತ್ತಿಯಲ್ಲಿ ಚಕ್ಕೋತ ಕುಯ್ದು, ಉಪ್ಪು ಮೆಣಸಿನಪುಡಿ ಹಾಕಿ, ನನಗೂ ಒಂದು ಪಾಲು ಎಲೆಯಲ್ಲಿಟ್ಟುಕೊಂಡು ಕಾಯುತ್ತಿದ್ದ.